ತಲೆ ತಿರುಗುವವರ ಪಟ್ಟಿ

ವಿಮಾನದಿಂದ ಇಳಿದ ಮೇಲೆ ಚಂಗಪ್ಪ ಗುರುಗಳು ಕೂಡಲೇ ಹೆಜ್ಜೆ ಇಡುತ್ತಿರಲಿಲ್ಲ. ರೆಕ್ಕೆಗೆ ಕೈ ಆನಿಸಿ, ಕಣ್ಣು ಮುಚ್ಚಿ, ಹತ್ತು ಎಣಿಸುವಷ್ಟು ಹೊತ್ತು ನಿಲ್ಲುತ್ತಿದ್ದರು. ದೇವರನ್ನು ನೆನೆಯುತ್ತಾರೆ ಎಂದುಕೊಂಡಿದ್ದರು ಎಲ್ಲರೂ.

ಹೊಳೆದಂಡೆಯ ಆ ಹಾರಾಟದ ಶಾಲೆಗೆ ವಾರಿಜಾ ಡಾಕ್ಟರಾಗಿ ಬಂದವಳು, ಅವರ ಶಿಷ್ಯೆಯಾಗಿ ಉಳಿದಳು. ಮೇಲೆ ಹಾರಿದಾಗ ಯಾರಿಗೆ ತಲೆ ತಿರುಗಿ ವಾಂತಿಯಾಗುತ್ತದೆ ಎಂದು ನೆಲದ ಮೇಲೇ ಹೇಳುವುದು ಅವಳ ವಿದ್ಯೆ. ಹೊಸಬರ ಕಣ್ಣು ಕಟ್ಟಿ, ಸುತ್ತುವ ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ಅತ್ತಿತ್ತ ವಾಲಿಸಲು ಹೇಳುವಳು. ಹಣೆಯ ಬೆವರು, ತುಟಿಯ ಬಣ್ಣ ನೋಡಿ ಪಟ್ಟಿ ಬರೆಯುವಳು.

ಮೂರು ತಂಡ ಬಂದು ಹೋದವು. ಒಂದು ಹೆಸರೂ ತಪ್ಪಲಿಲ್ಲ.

ವಾರಿಜಾಳ ನಡಿಗೆಯೇ ಬದಲಾಯಿತು. "ಕುರ್ಚಿಲಿ ಸುತ್ತಿದ್ದು ನಾವು, ತಲೆ ತಿರುಗಿದ್ದು ಡಾಕ್ಟರಮ್ಮಂಗೆ" ಎಂದು ಮೆಸ್ಸಿನಲ್ಲಿ ಯಾರೋ ನಗಾಡಿದರು. ಅವಳು ಕೇಳಿಸದವಳಂತೆ ಮಜ್ಜಿಗೆ ಹಾಕಿಸಿಕೊಂಡಳು.

ನಾಲ್ಕನೆಯ ತಂಡದ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. ಕೊಪ್ಪಳದ ಹುಡುಗಿ ಹುಲಿಗೆಮ್ಮ. ಇವಳನ್ನು ವಿಮಾನ ಹತ್ತಿಸುವುದೇ ಬೇಡ, ಮನೆಗೆ ಕಳಿಸಿಬಿಡಿ ಎಂದು ಕೆಳಗೆ ಬರೆದು, ವಾರಿಜಾ ಅದನ್ನು ಗುರುಗಳ ಸಹಿಗೆ ಇಟ್ಟಳು.

ಗುರುಗಳು ಓದಿದರು. ಕಾಗದ ಮಡಚಿ ಜೇಬಿಗಿಟ್ಟರು. ಹುಲಿಗೆಮ್ಮನನ್ನು ಕರೆದುಕೊಂಡು ಹಾರಿದರು.

ಅರ್ಧ ಗಂಟೆಗೆ ಇಳಿದಾಗ ಹುಡುಗಿಯ ಕೈಯಲ್ಲಿ ವಾಂತಿಯ ಚೀಲ ತುಂಬಿತ್ತು. ವಾರಿಜಾಳ ಎದೆ ಉಬ್ಬಿತು.

ಹುಲಿಗೆಮ್ಮ ಬಾಯಿ ಒರೆಸಿಕೊಂಡಳು. "ನಾಳೆ ಎಷ್ಟೊತ್ತಿಗೆ ಬರ್ಲಿ ಸರ್?"

ಗುರುಗಳು ರೆಕ್ಕೆ ಹಿಡಿದು ನಿಂತಿದ್ದರು. ಹತ್ತು ಎಣಿಸುವಷ್ಟು ಹೊತ್ತು ಕಳೆಯಿತು.

"ಆರಕ್ಕೆ."

ವಾರಿಜಾಳಿಗೆ ತಡೆಯಲಾಗಲಿಲ್ಲ. "ಹಾಗಾದರೆ ನನ್ನ ಪಟ್ಟಿ ಸುಳ್ಳೇ, ಗುರುಗಳೇ?"

"ನನ್ನ ಶಿಷ್ಯೆ ಬರೆದದ್ದು ಸುಳ್ಳಾಗಲ್ಲ" ಎಂದರು ಅವರು. ಆ ಮಾತಿನಲ್ಲಿ ಹೆಮ್ಮೆಯಿತ್ತು. ಅವಳಿಗೆ ಅದು ತಿಳಿಯಿತು.

ಅವರು ನೆಟ್ಟಗೆ ಅವಳ ತಪಾಸಣೆಯ ಕೋಣೆಗೆ ನಡೆದರು. ಕುರ್ಚಿಯಲ್ಲಿ ಕೂತು, ಬಟ್ಟೆಯನ್ನು ತಾವೇ ಕಣ್ಣಿಗೆ ಕಟ್ಟಿಕೊಂಡರು.

"ತಿರುಗಿಸು."

ತಿರುಗಿಸಿದಳು. ಅವರು ತಲೆ ವಾಲಿಸಿದರು. ನಾಲ್ಕನೆಯ ಸುತ್ತಿಗೆ ಹಣೆಯಲ್ಲಿ ಬೆವರೊಡೆಯಿತು. ಐದಕ್ಕೆ ತುಟಿ ಬಿಳಿಚಿತು. ವಾರಿಜಾ ಎರಡೂ ಕೈಯಿಂದ ಕುರ್ಚಿಯನ್ನು ಹಿಡಿದು ನಿಲ್ಲಿಸಿದಳು.

ನಲವತ್ತು ವರ್ಷ ಹಾರಿದ ಮನುಷ್ಯ. ರೆಕ್ಕೆಗೆ ಆನಿಸಿದ ಆ ಕೈ ಅವಳ ಕಣ್ಣ ಮುಂದೆ ಬಂತು.

ಗುರುಗಳು ಸುಧಾರಿಸಿಕೊಂಡು, ಕಣ್ಣಿನ ಬಟ್ಟೆ ಬಿಚ್ಚಿದರು. ಜೇಬಿನ ಪಟ್ಟಿಯನ್ನು ತೆಗೆದು, ಪೆನ್ನಿನ ಜೊತೆ ಅವಳ ಮುಂದೆ ಹಿಡಿದರು.

"ಹುಲಿಗೆಮ್ಮನ ಹೆಸರಿನ ಮೇಲೆ ನನ್ನ ಹೆಸರು ಬರಿ ತಾಯಿ. ಕೆಳಗೆ ನಿನಗೂ ಒಂದು ಸಾಲು ಬಿಟ್ಟುಕೊ. ಆಮೇಲೆ ತಾ, ಸಹಿ ಹಾಕ್ತೀನಿ."