ಮುನ್ನೂರನೆಯ ಬೀಜ

ಕೇತ ಇನ್ನೂರ ತೊಂಬತ್ತೊಂಬತ್ತು ಪದ್ಯಗಳನ್ನು ಒಂದು ಅಕ್ಷರ ತಪ್ಪದೆ ಹೇಳಿದ. ಮುನ್ನೂರನೆಯದನ್ನು ತಪ್ಪು ಹೇಳಿದ.

ಹೀಗೆ ತಪ್ಪು ಹೇಳತೊಡಗಿ ಅಂದಿಗೆ ಇಪ್ಪತ್ತು ದಿನ.

ಕೇಳುತ್ತಾ ಕೂತಿದ್ದವರು ಗುರುಗಳು ಬಂಕಯ್ಯನವರು. ಅವರ ಮುಂದೆ ಎರಡು ಕರಟಗಳಿದ್ದವು. ಒಂದು ಪದ್ಯ ಸರಿಯಾದರೆ ಒಂದು ಹುಣಸೆ ಬೀಜ ಎಡಗಡೆಯ ಕರಟದಿಂದ ಬಲಗಡೆಯದಕ್ಕೆ ಹೋಗಬೇಕು. ಎಲ್ಲಿ ತಪ್ಪಿದರೂ ಎಲ್ಲ ಬೀಜಗಳೂ ಎಡಗಡೆಗೆ ವಾಪಸ್ಸು, ಮರುದಿನ ಮೊದಲ ಪದ್ಯದಿಂದ ಶುರು. ಆ ಆಶ್ರಮದ ಪದ್ಧತಿ ಅದು.

ಗುರುಗಳು ಕರಟ ಎತ್ತಿ ಬೀಜಗಳನ್ನು ಸುರಿದರು. ಸ್ವಲ್ಪ ಕೆಮ್ಮಿದರು.

"ನಾಳೆ ನೋಡೋಣ" ಎಂದರು.

ಕೇತನಿಗೆ ಒಳಗೊಳಗೇ ಹಿಗ್ಗು. ಇನ್ನೊಂದು ದಿನ ದಕ್ಕಿತು.

ಆಶ್ರಮ ಎಂದರೆ ದೊಡ್ಡದೇನೂ ಅಲ್ಲ. ನದಿ ಕಡಲನ್ನು ಸೇರುವ ಕಡೆ ಎರಡು ಗುಡಿಸಲು, ಒಂದು ಹೊನ್ನೆ ಮರ, ದಡದಲ್ಲಿ ಬೋರಲು ಹಾಕಿದ ಒಂದು ಹಳೆಯ ದೋಣಿ. ಯವನರ ಹಡಗುಗಳು ಮೆಣಸಿಗಾಗಿ ನಮ್ಮ ಕರಾವಳಿಗೆ ಬಂದು ಹೋಗುತ್ತಿದ್ದ ಕಾಲ ಅದು. ಗುರು ಒಬ್ಬರು, ಶಿಷ್ಯ ಒಬ್ಬ. ಇಬ್ಬರಿಗೂ ಗಂಜಿ ಬೇಯಿಸಿ ಹಾಕಿ ಇಬ್ಬರನ್ನೂ ಬಯ್ಯುವವಳು ಮುದುಕಿ ಮಾಳಬ್ಬೆ.

ಪದ್ಯಗಳು ನಮ್ಮ ಕಡೆಯವಲ್ಲ. ಕಡಲಾಚೆ ರೋಮ್ ಎಂಬ ಊರಲ್ಲಿ ಯಾವನೋ ಕವಿ ಕಟ್ಟಿದವು. ಮಳೆ ಹೇಗೆ ಬರುತ್ತದೆ, ಗುಡುಗು ಯಾಕೆ ಗುಡುಗುತ್ತದೆ, ಕಣ್ಣಿಗೆ ಕಾಣದ ಕಣಗಳು ಕೂಡಿ ಮರವೂ ಮೀನೂ ಮನುಷ್ಯನೂ ಹೇಗಾಗುತ್ತಾರೆ, ಕಳಚಿದರೆ ಏನಾಗುತ್ತಾರೆ, ಇದರಲ್ಲಿ ಅಂಜುವಂಥದ್ದು ಏನಿದೆ, ಇದೇ ವಿಚಾರ. ಬಂಕಯ್ಯನವರು ಹರೆಯದಲ್ಲಿ ಅವನ್ನು ಒಬ್ಬ ಯವನನ ಬಾಯಿಂದ ಕೇಳಿ ನಮ್ಮ ಮಾತಿಗೆ ತಿರುಗಿಸಿಕೊಂಡಿದ್ದರು.

ಕೇತನಿಗೆ ಈ ಪದ್ಯಗಳು ಬೇಕಾದದ್ದಕ್ಕೆ ಕಾರಣವಿತ್ತು.

ಅವನು ಉಪ್ಪಿನ ಗದ್ದೆಯಲ್ಲಿ ದುಡಿದವನು. ಏಳು ವರ್ಷದ ಹಿಂದೆ, ಮೊದಲ ಮಳೆಗೆ ಮುಂಚೆ ಉಪ್ಪು ಒಟ್ಟುತ್ತಿದ್ದಾಗ, ಅವನ ಅಪ್ಪನಿಗೆ ಸಿಡಿಲು ಹೊಡೆಯಿತು. ಕೇತ ಹತ್ತು ಮಾರು ದೂರದಲ್ಲಿದ್ದ. ಊರವರು ನೋಡಿ, ಪಾಪ, ಏನು ತಪ್ಪು ಮಾಡಿದ್ದನೋ, ದೇವರು ಸುಮ್ಮನೆ ಸಿಟ್ಟಾಗುತ್ತಾನೆಯೇ ಎಂದರು. ಸಮಾಧಾನ ಹೇಳಲು ಬಂದವರೂ ಅದನ್ನೇ ಹೇಳಿ ಹೋದರು.

ಅಂದಿನಿಂದ ಆಕಾಶ ಸ್ವಲ್ಪ ಗುರ್ ಎಂದರೂ ಸಾಕು, ಕಂಬದಂಥ ಆಳು ಓಡಿಹೋಗಿ ಎಲ್ಲಾದರೂ ಅಡಗಿಕೊಳ್ಳುತ್ತಿದ್ದ. ಒಂದು ದಿನ ಹಾಗೆ ಓಡಿ ಬಂದು ಆಶ್ರಮದ ದೋಣಿಯ ಕೆಳಗೆ ನುಸುಳಿದ. ಮೈ ಹಿಡಿಸಿತು, ಕಾಲು ಹಿಡಿಸಲಿಲ್ಲ.

ಬಂಕಯ್ಯನವರು ಹೊರಗೆ ಚಾಚಿದ್ದ ಎರಡು ಪಾದಗಳನ್ನು ನೋಡಿದರು. ಬಗ್ಗಿದರು.

"ಒಳಗೆ ಇನ್ನೊಬ್ಬರಿಗೆ ಜಾಗ ಇದೆಯೇನಪ್ಪ?"

ಕೇತ ಪಕ್ಕಕ್ಕೆ ಸರಿದ. ಗುರುಗಳು ತೆವಳಿಕೊಂಡು ಒಳಗೆ ಹೋಗಿ ಅವನ ಪಕ್ಕ ಮಲಗಿದರು. ಹೊರಗೆ ಗುಡುಗುತ್ತಿತ್ತು. ಅವರು ಗುಡುಗಿನ ಪದ್ಯಗಳನ್ನು ಒಂದೊಂದಾಗಿ, ತೊಟ್ಟಿಲು ತೂಗುವವರ ಹಾಗೆ ಮೆಲ್ಲಗೆ ಹೇಳಿದರು.

ಮಳೆ ನಿಂತ ಮೇಲೆ ಕೇತ ಕೇಳಿದ. "ಹಾಗಾದರೆ ನಮ್ಮಪ್ಪ?"

"ಸಿಡಿಲು ಎತ್ತರ ಇದ್ದಲ್ಲಿ ಬೀಳುತ್ತೆ. ಆ ಬಯಲಲ್ಲಿ ಎತ್ತರ ಅಂತ ಇದ್ದದ್ದು ನಿಮ್ಮಪ್ಪನ ತಲೆ."

"ತಪ್ಪು?"

"ಉಪ್ಪು ಒಟ್ಟುತ್ತಾ ಇದ್ದ. ಅದು ತಪ್ಪೇನೋ? ನಿಮ್ಮಪ್ಪನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ಮಗ."

ಕೇತ ಆ ದೋಣಿಯ ಕೆಳಗೇ ಗೊಳೋ ಎಂದು ಅತ್ತ. ಮನೆಗೆ ಹೋಗಲೇ ಇಲ್ಲ. ಆರು ವರ್ಷ ಪದ್ಯ ಕಲಿತ.

ಗುರುಗಳ ಪಕ್ಕದಲ್ಲಿ ಕೂತು ಕೂತು ಗುಡುಗಿನ ಹೆದರಿಕೆ ಎರಡನೆಯ ಮಳೆಗಾಲಕ್ಕೆ ಹೋಯಿತು. ಗ್ರಹಣದ್ದು ಮೂರನೆಯದಕ್ಕೆ. ಉಳಿದದ್ದು ಒಂದೇ ಒಂದು, ಅದು ಪದ್ಯದಿಂದಲೇ ಹುಟ್ಟಿದ್ದು.

ಕಲಿಕೆ ಶುರುವಾದ ದಿನ ಬಂಕಯ್ಯನವರು ಬೀಜ ಎಣಿಸುತ್ತಾ ಒಂದು ಮಾತು ಆಡಿದ್ದರು. "ಈ ಮುನ್ನೂರೂ ನಿನ್ನ ಬಾಯಲ್ಲಿ ಕೂತ ದಿನ ನನಗೆ ಇಲ್ಲಿ ಕೆಲಸ ಇಲ್ಲ, ಹೊರಡಬಹುದು."

ಅವರು ಅದನ್ನು ಮರೆತಿರಬಹುದು. ಕೇತ ಮರೆಯಲಿಲ್ಲ. ಈ ವರ್ಷ ಮಳೆ ಹಿಡಿದಾಗಿನಿಂದ ಗುರುಗಳಿಗೆ ಕೆಮ್ಮು ಬಿಟ್ಟಿಲ್ಲ, ಊಟ ಅರ್ಧಕ್ಕೆ ಇಳಿದಿದೆ, ನದಿಯ ಮೆಟ್ಟಿಲು ಹತ್ತುವಾಗ ಎರಡು ಸಲ ಕೂರುತ್ತಾರೆ. ಇಂಥ ಹೊತ್ತಿನಲ್ಲಿ ಮುನ್ನೂರನೆಯ ಬೀಜ ಬಲಗಡೆಗೆ ಬಿದ್ದರೆ ಏನು ಗತಿ?

ಆದ್ದರಿಂದ ಕೇತ ಅದನ್ನು ಬೀಳಗೊಡಲಿಲ್ಲ.

ಕೊನೆಯ ಪದ್ಯ ಚಿಕ್ಕದು:

ಕಣ ಕೂಡಿ ಮೈಯಾಯ್ತು, ಕಣ ಕಳಚಿ ಮಣ್ಣಾಯ್ತು,
ನಡುವೆ ಬಂದವನೇ, ಅಂಜದೆ ಮಲಗು.

ಕೇತ ಒಂದು ದಿನ 'ಅಂಜದೆ ತೊಲಗು' ಎಂದ. ಒಂದು ದಿನ 'ಬಾಗಿಲು ಹಾಕಿ ಮಲಗು' ಎಂದ. ಒಂದೇ ತಪ್ಪನ್ನು ಎರಡು ಸಲ ಮಾಡಿದರೆ ಗುರುಗಳಿಗೆ ಅನುಮಾನ ಬಂದೀತು ಎಂದು ರಾತ್ರಿಯೆಲ್ಲ ಯೋಚಿಸಿ ಹೊಸ ತಪ್ಪುಗಳನ್ನು ಹೊಸೆಯುತ್ತಿದ್ದ. ಸರಿಯಾದ ಪದ್ಯ ಕಲಿಯಲು ಅವನು ಅಷ್ಟು ಕಷ್ಟಪಟ್ಟಿರಲಿಲ್ಲ.

ಮೊದಲು ಹಿಡಿದದ್ದು ಮಾಳಬ್ಬೆ. ಅಂದು ಕೇತ ನದಿಯಲ್ಲಿ ಪಾತ್ರೆ ಉಜ್ಜುತ್ತಾ ಗುನುಗುತ್ತಿದ್ದ. ಮಾಳಬ್ಬೆ ಹಿಂದೆ ಬಂದು ನಿಂತಳು.

"ಈಗ ಸರಿಯಾಗಿ ಹೇಳಿದೆಯಲ್ಲ."

ಕೇತನ ಕೈಯಿಂದ ಪಾತ್ರೆ ಜಾರಿತು.

"ನಿನ್ನ ಬಾಯಿಂದ ಕೇಳಿ ಕೇಳಿ ನನಗೇ ಬಂದಿದೆ ಆ ಪದ್ಯ. ನಿನಗೆ ಬರೋದಿಲ್ವಾ? ಇಪ್ಪತ್ತು ದಿನದಿಂದ ನೀವಿಬ್ಬರೂ ಮಧ್ಯಾಹ್ನದ ತನಕ ಬೀಜ ಸುರಿದುಕೊಂಡು ಕೂತಿರ್ತೀರಿ, ನಾನು ಮಾಡಿದ ಗಂಜಿ ಕಲ್ಲಾಗುತ್ತೆ."

ಕೇತ ತಲೆ ತಗ್ಗಿಸಿ ಎಲ್ಲ ಹೇಳಿದ.

ಮಾಳಬ್ಬೆ ಜಾರಿದ ಪಾತ್ರೆಯನ್ನು ಎತ್ತಿ ಅವನ ಕೈಗೆ ಕೊಟ್ಟಳು. ಆಮೇಲೆ, "ಅಂತೂ ಅಯ್ಯನ ಕಾಲಿಗೆ ಪದ್ಯದ ಹಗ್ಗ ಕಟ್ಟಿದ್ದೀಯ" ಎಂದಳು.

"ಯಾರಿಗೂ ಹೇಳಬೇಡ, ಅಬ್ಬೆ."

"ಹೇಳೋದಿಲ್ಲ. ಆದರೆ ಅವರ ಕೆಮ್ಮಿಗೆ ನಿನ್ನ ಪದ್ಯ ಕೇಳಿಸುತ್ತೆ ಅಂತ ನನಗೇನೂ ಅನ್ನಿಸೋದಿಲ್ಲ."

ಕೇತ ಉಜ್ಜಿದ ಪಾತ್ರೆಯನ್ನೇ ಮತ್ತೆ ಮೊದಲಿಂದ ಉಜ್ಜತೊಡಗಿದ.

ಇಪ್ಪತ್ತೊಂದನೆಯ ಬೆಳಿಗ್ಗೆ ಬಂಕಯ್ಯನವರು ಹೊನ್ನೆ ಮರದ ಕೆಳಗೆ ಕೂರಲಿಲ್ಲ. ಕರಟಗಳನ್ನು ಕೇತನ ಕೈಗೆ ಕೊಟ್ಟು, ಅವನ ಹೆಗಲು ಹಿಡಿದು, ನದಿ ಕಡಲಾಗುವ ಅಂಚಿಗೆ ನಡೆದರು. ಬೋರಲು ದೋಣಿಯ ಮೇಲೆ ಕೂತರು. ಏದುಸಿರು ಇಳಿಯುವ ತನಕ ಎದೆ ನೀವಿಕೊಂಡರು.

"ನನಗೆ ಈ ಪದ್ಯ ಹೇಳಿಕೊಟ್ಟವನ ಹೆಸರು ಔಲ" ಎಂದರು. "ಮೆಣಸಿನ ಹಡಗಲ್ಲಿ ಬಂದ. ಜ್ವರ ಬಂದು ಮಲಗಿದ. ಹಡಗು ಬಿಟ್ಟು ಹೋಯಿತು. ಮುಂದಿನ ಹಡಗು ಬಂದು, ಗಾಳಿ ಪಡುವಣಕ್ಕೆ ತಿರುಗಿ ಅದು ಹೊರಡೋ ತನಕ ಒಂದು ವರ್ಷ ಇಲ್ಲೇ ಇದ್ದ."

"ಗೊತ್ತು, ಅಯ್ಯ."

"ಇದು ಗೊತ್ತಿಲ್ಲ. ಅವನು ದಿನಾ ಒಂದು ಪದ್ಯ ಹೇಳಿಕೊಡೋನು. ಎಷ್ಟು ನಗಿಸೋನು ಅಂತೀಯ! ನನಗೆ ಅಂಥ ಸ್ನೇಹಿತ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ. ಕೊನೆಕೊನೆಗೆ, ಪದ್ಯ ಮುಗಿದರೆ ಇವನು ಹೊರಟುಬಿಡ್ತಾನೆ ಅಂತ ನನಗೆ ಹೆದರಿಕೆ ಹತ್ತಿತು."

ಕೇತ ಕರಟಗಳನ್ನು ಮಡಿಲಿಗೆ ಎಳೆದುಕೊಂಡ.

"ಅದಕ್ಕೆ, ಬರೋ ಪದ್ಯವನ್ನೂ ಬರೋದಿಲ್ಲ ಅಂತ ಸುಳ್ಳು ಹೇಳಿದೆ. ಹಿಂದಿನದ್ದೇ ಮತ್ತೆ ಹೇಳು, ಮತ್ತೆ ಹೇಳು ಅಂತ ಪೀಡಿಸಿದೆ. ಒಂದು ದಿನ ಅವನ ಚಪ್ಪಲಿ ಬಚ್ಚಿಟ್ಟೆ."

"ಚಪ್ಪಲಿಯನ್ನಾ?"

"ಬರಿಗಾಲಲ್ಲೇ ಹಡಗು ಹತ್ತಿದ. ಗಾಳಿ ತಿರುಗಿತ್ತಲ್ಲ, ಅದೇನು ನನ್ನನ್ನು ಕೇಳಿಕೊಂಡು ತಿರುಗುತ್ತದೆಯೇ? ಮುನ್ನೂರನೆಯ ಪದ್ಯದಲ್ಲಿ 'ನಡುವೆ ಬಂದವನೇ' ಅನ್ನೋ ತನಕ ನನಗೆ ಬಂದಿತ್ತು. ಮುಂದಿನದು ಬಾಕಿ. ಅವನು ಹಡಗಿನ ಹಿಂಬದಿಗೆ ಬಂದು ನಿಂತು, ಕೈ ಎರಡೂ ಬಾಯಿಗೆ ಹಿಡಿದು ಕೂಗಿದ."

"ಏನಂತ?"

"ಅಲೆ ಜೋರಾಗಿತ್ತು. ಕೇಳಿಸಲಿಲ್ಲ."

ಕೇತ ಗುರುಗಳ ಮುಖ ನೋಡಿದ. ಅವರು ನೀರು ನೋಡುತ್ತಿದ್ದರು.

"ನಲವತ್ತು ವರ್ಷ ಆಯಿತು. ದಿನಕ್ಕೊಂದರಂತೆ ಸುಮ್ಮನೆ ಕಲಿತಿದ್ದರೆ ಕೊನೆಯ ಪದ್ಯವೂ ಪೂರ್ತಿ ಸಿಗೋದು, ಚಪ್ಪಲಿಯೂ ಅವನ ಕಾಲಲ್ಲಿ ಇರೋದು. ಅವನಂತೂ ಹೋಗೋನೇ ಇದ್ದ."

"ಹಾಗಾದರೆ 'ಅಂಜದೆ ಮಲಗು' ಅನ್ನೋದು?"

"ಅದು ನಾನು ಅಂಟಿಸಿದ ಬಾಲ."

ನೀರು ಇಳಿಯತೊಡಗಿತ್ತು. ಕೇತ ಕರಟಗಳನ್ನು ಮರಳಿನ ಮೇಲೆ ಇಟ್ಟ.

"ಅಯ್ಯ, ನಿಮಗೆ ಎಂದಿನಿಂದ ಗೊತ್ತು?"

"ಎರಡನೆಯ ದಿನದಿಂದ. ಕಳ್ಳನ ಕೆಲಸ ಕಳ್ಳನಿಗೆ ಕಾಣದೇನೋ?"

"ಬಯ್ಯಲಿಲ್ಲ?"

"ನಾಳೆ ಏನು ತಪ್ಪು ಹೇಳ್ತಾನೆ ಅಂತ ಕುತೂಹಲ ಇತ್ತು, ಮಾರಾಯ. ಅದಕ್ಕೇ ಬೇಗ ಏಳ್ತಿದ್ದೆ."

ಕೇತನಿಗೆ ನಗು ಬಂತು. ನಗುವ ಹೊತ್ತಿಗೇ ಕಣ್ಣೂ ತುಂಬಿತು. ಎದೆಯಲ್ಲಿ ಇದ್ದದ್ದನ್ನು ಆಗ ಕೇಳಿಯೇಬಿಟ್ಟ.

"ನೀವು ಇಲ್ಲದ ದಿನ ಗುಡುಗಿದರೆ ನಾನೇನು ಮಾಡಲಿ?"

"ಪದ್ಯ ಹೇಳು."

"ಯಾರಿಗೆ ಹೇಳಲಿ?"

ಬಂಕಯ್ಯನವರು ತಾವು ಕೂತಿದ್ದ ದೋಣಿಯನ್ನು ಅಂಗೈಯಿಂದ ತಟ್ಟಿದರು.

"ಇದರ ಕೆಳಗೆ ಯಾರಾದರೂ ಇರ್ತಾರೆ. ಕಾಲು ಹೊರಗೆ ಕಾಣುತ್ತೆ."

ಕೇತ ಮೂಗು ಒರೆಸಿಕೊಂಡ. ಬೆನ್ನು ನೆಟ್ಟಗೆ ಮಾಡಿ ಕೂತ. ಮೊದಲ ಪದ್ಯದಿಂದ ಶುರು ಮಾಡಿದ. ಮಳೆ ಬಂತು, ಗುಡುಗು ಬಂತು, ಗ್ರಹಣ ಬಂತು, ಮೀನು ಬಂತು, ಮನುಷ್ಯ ಬಂದ. ಅವನ ದನಿ ಎಲ್ಲೂ ನಡುಗಲಿಲ್ಲ. ಬೀಜಗಳು ಒಂದೊಂದಾಗಿ ಬಲಗಡೆಗೆ ಬಿದ್ದವು. ಬಿಸಿಲು ಏರಿತು. ಎಡಗಡೆ ಒಂದೇ ಬೀಜ ಉಳಿಯಿತು.

"ಕಣ ಕೂಡಿ ಮೈಯಾಯ್ತು, ಕಣ ಕಳಚಿ ಮಣ್ಣಾಯ್ತು" ಎಂದ ಕೇತ. ಉಸಿರು ಎಳೆದುಕೊಂಡ. "ನಡುವೆ ಬಂದವನೇ, ಅಂಜದೆ ಮಲಗು."

ಗುರುಗಳು ಬೀಜ ಮುಟ್ಟಲಿಲ್ಲ.

"ಸರಿಯಾಗೇ ಹೇಳಿದೆ, ಅಯ್ಯ."

"ನನ್ನದನ್ನು ಹೇಳಿದೆ. ನನಗೆ ಆ ಬಾಲ ಎಂದೂ ಹಿಡಿಸಲಿಲ್ಲ. ಬರೀ ಮಲಗೋದಕ್ಕೆ ಆ 'ನಡುವೆ ಬಂದವನು' ಅಷ್ಟು ದೂರದಿಂದ ಬರಬೇಕಾಗಿತ್ತೇ? ನಿನ್ನ ಇಪ್ಪತ್ತು ತಪ್ಪುಗಳಲ್ಲಿ ಹತ್ತೊಂಬತ್ತು ಶುದ್ಧ ಕಸ. ಒಂದು ಮಾತ್ರ ಚೆನ್ನಾಗಿತ್ತು. ಗದ್ದೆಯಲ್ಲಿ ಉಪ್ಪು ಕಂಡವನು ಹೇಳೋ ಮಾತು. ಹನ್ನೆರಡನೆಯ ದಿನ. ಅದನ್ನು ಹೇಳು."

ಕೇತ ನೆನಪು ಮಾಡಿಕೊಂಡ. ಹನ್ನೆರಡನೆಯ ದಿನ ಎಷ್ಟು ಯೋಚಿಸಿದರೂ ಹೊಸ ತಪ್ಪು ಹೊಳೆದಿರಲಿಲ್ಲ. ಆ ಹೊತ್ತಿಗೆ ಅವನಿಗೆ ಅಪ್ಪನ ಕೈ ನೆನಪಾಗಿತ್ತು. ಹೊಸ ಉಪ್ಪು ಕಟ್ಟಿದಾಗಲೆಲ್ಲ ಅಪ್ಪ ಒಂದು ಹರಳು ಎತ್ತಿ ಇವನ ನಾಲಿಗೆಗೆ ಇಡುತ್ತಿದ್ದ. ಕಡಲಿಂದ ಬಂದ ಉಪ್ಪು, ಮಳೆ ಬಂದರೆ ಮತ್ತೆ ಕಡಲಿಗೇ ಹೋಗುವ ಉಪ್ಪು.

ಅವನು ಮೆಲ್ಲಗೆ ಹೇಳಿದ.

"ಕಣ ಕೂಡಿ ಮೈಯಾಯ್ತು, ಕಣ ಕಳಚಿ ಮಣ್ಣಾಯ್ತು,
ನಡುವೆ ಬಂದವನೇ, ರುಚಿ ನೋಡಿ ಹೋಗು."

ಬಂಕಯ್ಯನವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಬೀಜ ಎತ್ತಿ, ಒಮ್ಮೆ ಬಿಸಿಲಿಗೆ ಹಿಡಿದು ನೋಡಿ, ಬಲಗಡೆಯ ಕರಟಕ್ಕೆ ಹಾಕಿದರು. ಟಕ್ ಎಂದಿತು.

ಕೇತ ಉಸಿರು ಬಿಗಿಹಿಡಿದು ಕೂತ. ಏನೂ ಆಗಲಿಲ್ಲ. ಒಂದು ಕೊಕ್ಕರೆ ಹಾರಿ ಹೋಯಿತು.

ಗುರುಗಳು ಕೆಮ್ಮಿ, ಅವನ ಹೆಗಲು ಹಿಡಿದು ಎದ್ದು ನಿಂತರು. ಆಶ್ರಮದ ಕಡೆಯಿಂದ ಮಾಳಬ್ಬೆ ಸೌಟಿನಿಂದ ಪಾತ್ರೆ ಬಡಿಯುವ ಸದ್ದು ಕೇಳಿಸಿತು.

"ಮುನ್ನೂರೂ ಆಯಿತು" ಎಂದ ಕೇತ. "ಇನ್ನು ನೀವು ಹೋಗ್ತೀರಾ?"

"ಹೋಗೋದು ತಾನಾಗೇ ಆಗುತ್ತೆ ಕೇತ, ಅದಕ್ಕೆ ನಾವೇನೂ ಮಾಡಬೇಕಾಗಿಲ್ಲ. ಗಂಜಿ ಆರುತ್ತೆ, ನಡಿ."