ಕಂಬದ ಪಕ್ಕದವನು

"ಬುದ್ಧೀ, ಕೈಲಾಗದವರಿಗೆ ಕೆಲಸ ಕೊಟ್ಟು ಕೆಡಿಸುವುದಕ್ಕಿಂತ ಬಲ್ಲವನು ತಾನೇ ಮಾಡಿ ಮುಗಿಸುವುದು ಮೇಲಲ್ಲವೇ?" ಎಂದು ರೇವಣ್ಣ ಗುರುಗಳನ್ನು ಕೇಳಿದ.

ಮಠದ ಅಡುಗೆ, ಪಾಠ, ಬಂದವರ ಉಪಚಾರ ಎಲ್ಲವನ್ನೂ ಹನ್ನೆರಡು ವರ್ಷದಿಂದ ಅವನೊಬ್ಬನೇ ನಡೆಸಿಕೊಂಡು ಬಂದಿದ್ದ. ನಾಳೆಯ ದಾಸೋಹವನ್ನು ಗುರುಪಾದನಿಗೆ ಬಿಡು ಎಂದು ಗುರುಗಳು ಬೆಳಿಗ್ಗೆ ಹೇಳಿದ್ದರು. ಮಠದ ಇನ್ನೊಬ್ಬ ಶಿಷ್ಯನಾದ ಗುರುಪಾದ ಒಂದು ಮಾತಿಗೆ ಉತ್ತರ ಕೊಡಲು ಎರಡು ಸಲ ಉಸಿರೆಳೆದುಕೊಳ್ಳುವ ಮನುಷ್ಯ. ಮಠದ ಮಾನ ಹೋದೀತೆಂದು ರೇವಣ್ಣನಿಗೆ ಭಯ.

ಗುರುಗಳು ಹೇಳಿದರು:

ಒಂದು ಕಾಲೇಜಿನಲ್ಲಿ ಒಬ್ಬ ಖೋ ಖೋ ಆಟಗಾರನಿದ್ದ. ಅವನು ಅಟ್ಟಿಸಿಕೊಂಡು ಹೊರಟರೆ ಎದುರಾಳಿಗಳ ಜೀವ ಬಾಯಿಗೆ ಬರುತ್ತಿತ್ತು. ಅದೇ ತಂಡದಲ್ಲಿ ಒಬ್ಬ ದಪ್ಪನೆಯವನಿದ್ದ. ಒಂಬತ್ತು ಜನ ಭರ್ತಿಯಾಗಲಿ ಎಂದು ಸೇರಿಸಿಕೊಂಡವನು. ಅವನನ್ನು ಕಂಬದ ಪಕ್ಕದ ಕೊನೆಯ ಜಾಗದಲ್ಲಿ ಕೂರಿಸುತ್ತಿದ್ದರು. "ಅವ್ನಿಗೆ ಮಾತ್ರ ಖೋ ಕೊಡ್ಬೇಡ್ರಪ್ಪಾ, ಅವ್ನು ಏಳೋ ಹೊತ್ಗೆ ಹೊತ್ತು ಮುಳುಗಿರುತ್ತೆ" ಎಂದು ಮೇಷ್ಟ್ರು ನಗುತ್ತಿದ್ದರು. ದಪ್ಪನೆಯವನೂ ನಗುತ್ತಿದ್ದ. ಮೂರು ವರ್ಷ ಯಾರೂ ಕೊಡಲಿಲ್ಲ.

ಆ ಮೂರು ವರ್ಷವೂ ಕೊನೆಯ ಪಂದ್ಯದಲ್ಲಿ ಹೊಳೆಯಾಚೆಯ ಕಾಲೇಜು ಇವರನ್ನು ಸೋಲಿಸಿತ್ತು. ನಾಲ್ಕನೆಯ ವರ್ಷ ಮತ್ತೆ ಅವೇ ಎರಡು ತಂಡಗಳು ಎದುರಾದವು. ಆಟಗಾರನಿಗೆ ಅದು ಕಾಲೇಜಿನ ಕಡೆಯ ಆಟ. ವಿಶ್ವವಿದ್ಯಾಲಯದ ತಂಡಕ್ಕೆ ಆಳು ಆರಿಸುವವರು ಬಂದು ಕೂತಿದ್ದರು. ಖಾಲಿ ಇದ್ದದ್ದು ಒಂದೇ ಜಾಗ. "ಕೊನೇ ಔಟು ನಿನ್ನ ಕೈಯಿಂದ ಆಗ್ಲಿ, ಹೆಸರು ಬರ್ಕೋತೀನಿ" ಎಂದು ಅವರು ಅವನಿಗೆ ಮೊದಲೇ ಹೇಳಿದ್ದರು.

ಎರಡು ತಂಡವೂ ಬಿಟ್ಟುಕೊಡಲಿಲ್ಲ. ಅಂಥ ಆಟವನ್ನು ಆ ಮೈದಾನ ಕಂಡಿರಲಿಲ್ಲ. ಕಡೆಗೆ ಲೆಕ್ಕ ಸರಿಸಮವಾಗಿ ನಿಂತಿತು. ಇವರು ಅಟ್ಟುವ ಸರದಿ, ಅರ್ಧ ನಿಮಿಷ ಉಳಿದಿದೆ, ಆಚೆಯವರ ಓಟಗಾರನೊಬ್ಬ ಬಾಕಿ. ಅವನನ್ನು ಮುಟ್ಟಿದರೆ ಗೆಲುವು. ಅವನಾದರೋ ನಾಲ್ಕು ನಿಮಿಷದಿಂದ ಒಬ್ಬರ ಕೈಗೂ ಸಿಗದೆ ಓಡುತ್ತಿದ್ದ. ಎದುರಾಳಿಯಾದರೂ ಅವನಿಗೆ ಕೈಮುಗಿಯಬೇಕು.

ನೀನೂ ಆಡಿದ್ದೀಯ, ನಿನಗೆ ಗೊತ್ತು. ಓಡುವವನು ಸಾಲಿನ ನಡುವೆ ಆಚೆಗೆ ನುಸುಳಬಹುದು. ಅಟ್ಟುವವನು ಸಾಲು ದಾಟುವಂತಿಲ್ಲ. ಅವನು ಕಂಬವನ್ನು ಸುತ್ತಿ ಆಚೆಗೆ ಹೋಗಬೇಕು, ಇಲ್ಲವೇ ಕೂತವನ ಬೆನ್ನು ಮುಟ್ಟಿ ಖೋ ಎಂದು ಎಬ್ಬಿಸಿ, ತಾನು ಅವನ ಜಾಗದಲ್ಲಿ ಕೂರಬೇಕು.

ಆಟಗಾರ ಬೆನ್ನು ಹತ್ತಿದ. ಓಟಗಾರ ಕಂಬದವರೆಗೆ ಓಡಿ, ದಪ್ಪನೆಯವನ ಪಕ್ಕದಲ್ಲಿ ಆಚೆಗೆ ನುಸುಳಿ, ಅಲ್ಲೇ ನಿಂತು ಉಸಿರು ತೆಗೆದುಕೊಂಡ. ಆಗ ಆಟಗಾರನಿಗೆ ಹೊಳೆಯಿತು. ಇವನು ಪ್ರತಿಸಲವೂ ಇಲ್ಲೇ ನುಸುಳುತ್ತಿದ್ದಾನೆ, ಇಲ್ಲೇ ದಣಿವಾರಿಸಿಕೊಳ್ಳುತ್ತಿದ್ದಾನೆ. ದಪ್ಪನೆಯವನನ್ನು ಯಾರೂ ಎಬ್ಬಿಸುವುದಿಲ್ಲ ಎಂದು ಅವನಿಗೂ ಗೊತ್ತು. ವೈರಿಗೆ ನಿಲ್ಲಲು ನೆರಳು ಮಾಡಿಕೊಟ್ಟವರು ತಾವೇ.

ಕಂಬ ಎರಡು ಹೆಜ್ಜೆ ದೂರದಲ್ಲಿತ್ತು. ಸುತ್ತಿ ಹೋದರೆ ತಾನೇ ಹಿಡಿದೇನು ಎಂಬ ಆಸೆ ಆಟಗಾರನಿಗೆ ಇಲ್ಲದೆ ಇರಲಿಲ್ಲ. ಹೆಸರು ಬರೆದುಕೊಳ್ಳುವವರು ಅವನನ್ನೇ ನೋಡುತ್ತಿದ್ದರು. ಅವನು ಬಗ್ಗಿ ದಪ್ಪನೆಯವನ ಬೆನ್ನಿಗೆ ಕೈಯಿಟ್ಟು "ಖೋ" ಎಂದ.

ಕೈಯಿಟ್ಟಾಗ ಅವನಿಗೆ ಆಶ್ಚರ್ಯವಾಯಿತು. ಆ ಬೆನ್ನು ಬೆವರಿನಲ್ಲಿ ತೊಯ್ದಿತ್ತು, ಬಿಲ್ಲಿನಂತೆ ಬಿಗಿದಿತ್ತು. ಯಾರೂ ಎಬ್ಬಿಸದ ಆ ಮನುಷ್ಯ ಇಷ್ಟು ವರ್ಷವೂ, ಪ್ರತಿ ಆಟದಲ್ಲೂ, ಈಗಲೇ ಏಳಬೇಕು ಎಂಬಂತೆ ತುದಿಗಾಲಲ್ಲೇ ಕೂತಿದ್ದ.

ಅವನು ಎದ್ದ. ಒಂದೇ ಹೆಜ್ಜೆ ಇಟ್ಟು ಕೈ ಚಾಚಿದ. ಓಟಗಾರ ಇನ್ನೂ ಉಸಿರು ತೆಗೆದುಕೊಳ್ಳುತ್ತಲೇ ಇದ್ದ.

ಮೈದಾನ ಹುಚ್ಚೆದ್ದು ಕೂಗಿತು. ದಪ್ಪನೆಯವನಿಗೆ ಅದು ಕೇಳಿಸಲಿಲ್ಲ. ಅವನು ಹಿಂತಿರುಗಿ, ತನ್ನ ಜಾಗದಲ್ಲಿ ಕೂತಿದ್ದ ಆಟಗಾರನನ್ನು "ನಂಗೇ ಕೊಟ್ಯೇನೋ?" ಎಂದು ಕೇಳಿದ.

"ನಿಂಗೇ ಕಣೋ" ಎಂದ ಆಟಗಾರ. ಅವನ ಕಣ್ಣು ತುಂಬಿತ್ತು.

ಆರಿಸುವವರು ಆ ಒಂದು ಜಾಗಕ್ಕೆ ಹೊಳೆಯಾಚೆಯ ಓಟಗಾರನ ಹೆಸರು ಬರೆದುಕೊಂಡು ಹೋದರು. ಅದೇನೂ ಅನ್ಯಾಯವಲ್ಲ, ಅವನು ಆ ದಿನ ಓಡಿದ್ದೇ ಹಾಗೆ.

ಗುರುಗಳು ಕತೆ ನಿಲ್ಲಿಸಿದರು. ರೇವಣ್ಣ ಹೇಳಿದ:

"ಆಟಗಾರನದು ದೊಡ್ಡ ಮನಸ್ಸು, ಬುದ್ಧೀ. ಆದರೆ ಆ ದಪ್ಪನೆಯವನು ಸಿದ್ಧನಾಗಿದ್ದ. ನಮ್ಮ ಗುರುಪಾದ ಹಾಗಿಲ್ಲವಲ್ಲ?"

ಗುರುಗಳು ಕೇಳಿದರು: "ಅವನ ಬೆನ್ನು ನೀನು ಯಾವಾಗ ಮುಟ್ಟಿ ನೋಡಿದೆ, ರೇವಣ್ಣ?"