ಗಫಾರ್ ಸಾಹೇಬರ ರ‍್ಯಾಕೆಟ್

ಕಪಿಲಾ ನದಿಯ ದಂಡೆಯಲ್ಲಿ ಒಂದು ಹಳೆಯ ಟೆನಿಸ್ ಅಂಗಳ. ಕೆಂಪು ಮಣ್ಣಿನದು, ಸಗಣಿ ಹಾಕಿ ಸಾರಿಸಿದ್ದು. ಪಕ್ಕದಲ್ಲಿ ಒಂದು ಹೆಂಚಿನ ಕೋಣೆ, ಕೋಣೆಗೊಂದು ಜಗಲಿ. ಊರಿನ ಆಟಗಾರರೆಲ್ಲ ಸಿಮೆಂಟಿನ ಅಂಗಳಕ್ಕೆ ಹೋದ ಮೇಲೂ ಮರಿಯಪ್ಪ ಮೇಷ್ಟ್ರು ಅಲ್ಲೇ ಉಳಿದಿದ್ದರು.

ಅವರ ಹತ್ತಿರ ಇಂಚರ ಎಂಬ ಹುಡುಗಿ ಬಂದಳು. ಹುಡುಗಿ ಅಂದರೆ ತೀರಾ ಚಿಕ್ಕವಳೇನಲ್ಲ, ಕಾಲೇಜು ಮುಗಿಸಿದವಳು. ಹೆಗಲಿಗೊಂದು ದೊಡ್ಡ ಚೀಲ, ಚೀಲದ ತುಂಬ ಹೊಸ ರ‍್ಯಾಕೆಟ್‌ಗಳು. ಮುಖ ಮಾತ್ರ ಸಪ್ಪಗಿತ್ತು.

“ಏನಮ್ಮ, ಅಂಗಡಿ ಇಡೋಕೆ ಬಂದೆಯಾ?” ಅಂದರು ಮೇಷ್ಟ್ರು.

“ಇಲ್ಲ ಮೇಷ್ಟ್ರೇ, ಆಟ ಕಲಿಯೋಕೆ.”

“ಆಡೋಕೆ ಬರುತ್ತೆ ಅಂತ ಕೇಳಿದ್ದೆ.”

“ಬರುತ್ತೆ. ಅಭ್ಯಾಸದಲ್ಲಿ ಎಲ್ಲಾ ಸರಿ. ಪಂದ್ಯಕ್ಕೆ ನಿಂತ್ರೆ ಕೈ ಮರಗಟ್ಟಿಬಿಡುತ್ತೆ. ಎಲ್ಲಿ ತಪ್ಪು ಹೊಡೆದುಬಿಡ್ತೀನೋ ಅಂತ ಭಯ. ಆ ಭಯದಲ್ಲೇ ತಪ್ಪು ಹೊಡೀತೀನಿ. ಹೋದ ವರ್ಷ ಎಲ್ಲಿ ಹೋದ್ರೂ ಮೊದಲನೇ ಸುತ್ತಲ್ಲೇ ಸೋತೆ.”

ಅವಳು ಚೀಲವನ್ನು ಜಗಲಿಯ ಮೇಲೆ ಇಳಿಸಿದಳು.

“ಇಲ್ಲೂ ಆಗಲಿಲ್ಲ ಅಂದ್ರೆ ಟೆನಿಸ್ಸೇ ಬಿಟ್ಟುಬಿಡ್ತೀನಿ ಮೇಷ್ಟ್ರೇ. ನಿಜವಾಗ್ಲೂ.”

ಮೇಷ್ಟ್ರು ಎದ್ದರು. ಒಳಗೆ ಹೋಗಿ ಎರಡು ರ‍್ಯಾಕೆಟ್ ತಂದರು. ಕಪ್ಪು ಗ್ರಾಫೈಟಿನವು, ಇಂಚರ ಹುಟ್ಟುವುದಕ್ಕೂ ಎಷ್ಟೋ ಮುಂಚಿನವು. ಅಲ್ಲಲ್ಲಿ ಬಣ್ಣ ಎದ್ದಿತ್ತು. ಅವಳ ಹೊಸ ರ‍್ಯಾಕೆಟ್ಟಿನ ಪಕ್ಕ ಇಟ್ಟರೆ ಊಟದ ತಟ್ಟೆಯ ಪಕ್ಕ ತಿಂಡಿ ತಟ್ಟೆ ಇಟ್ಟ ಹಾಗೆ ಕಾಣುತ್ತಿತ್ತು.

“ಇದು ನಂದು. ಇದು ಗಫಾರ್ ಸಾಹೇಬರದು. ನಾವಿಬ್ಬರೂ ಜೋಡಿ ಆಡ್ತಿದ್ವಿ. ಸಾಹೇಬರು ತೀರಿಕೊಂಡ ಮೇಲೆ ಇದನ್ನ ಯಾರ ಕೈಗೂ ಕೊಟ್ಟಿಲ್ಲ. ತಗೋ, ಆಡು.”

ಇಂಚರ ತೆಗೆದುಕೊಂಡಳು. ಬೀಸಿದಳು. ಚೆಂಡು ಅಂಚಿಗೆ ಬಡಿದು, ಬೇಲಿ ಹಾರಿ, ನೇರ ಹೊಳೆಗೆ ಬಿತ್ತು. ಮೊಣಕೈವರೆಗೂ ಜುಮ್ಮೆಂದಿತು.

“ಮೇಷ್ಟ್ರೇ, ಇದರ ಮುಖ ತುಂಬಾ ಚಿಕ್ಕದು.”

“ಚೆಂಡು ಅದಕ್ಕಿಂತ ಚಿಕ್ಕದಲ್ವಾ?”

“ಭಾರಾನೂ ಇದೆ.”

“ಹಾಗಾದ್ರೆ ಅದನ್ನ ಎಳೆದಾಡಬೇಡ. ಹೊರಟ ಮೇಲೆ ಅದರ ಪಾಡಿಗೆ ಹೋಗೋಕೆ ಬಿಡು.”

“ನನ್ನ ರ‍್ಯಾಕೆಟ್ಟಾಗಿದ್ರೆ ಅಂಚಿಗೆ ತಗುಲಿದ್ರೂ ಚೆಂಡು ಒಳಗೇ ಬೀಳ್ತಿತ್ತು.”

“ಹೂಂ. ಅದು ಬಹಳ ಒಳ್ಳೆ ಸ್ವಭಾವದ್ದು, ನಿನ್ನ ತಪ್ಪನ್ನೆಲ್ಲ ಮುಚ್ಚಿಡುತ್ತೆ. ಇದು ಸ್ವಲ್ಪ ಒರಟು. ಮುಖಕ್ಕೆ ಹೇಳಿಬಿಡುತ್ತೆ.”

ಅವಳಿಗೆ ಸಿಟ್ಟು ಬಂತು. ಆದರೂ ಹೋಗಲಿಲ್ಲ. ಊರಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ದಿನಾ ಬೆಳಗ್ಗೆ ಬಂದಳು.

ಕೈ ನೋಯಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತು, ಹೊಳೆಗೆ ಚೆಂಡುಗಳ ನೈವೇದ್ಯ ಸಾಕಷ್ಟಾಯಿತು. ಆಮೇಲೆ ಒಂದು ಬೆಳಗ್ಗೆ ಚೆಂಡು ರ‍್ಯಾಕೆಟ್ಟಿನ ನಟ್ಟನಡುವೆ ಕೂತು ಹೋಯಿತು. ಸದ್ದೂ ಹೆಚ್ಚಾಗಲಿಲ್ಲ, ಕೈಗೆ ಭಾರವೂ ತಿಳಿಯಲಿಲ್ಲ. ಇಂಚರ ಬಾಯಿ ತೆರೆದುಕೊಂಡು ನಿಂತಳು.

“ಅಯ್ಯೋ ಮೇಷ್ಟ್ರೇ, ಏನಿದು ಸುಖ!”

“ಸಾಹೇಬರೂ ಹಾಗೇ ಅಂತಿದ್ರು,” ಎಂದು ಮೇಷ್ಟ್ರು ನಕ್ಕರು.

ಅಂದಿನಿಂದ ಆ ರ‍್ಯಾಕೆಟ್ ಅವಳಿಗೆ ಪ್ರಾಣವಾಯಿತು. ಆದರೆ ಮೇಷ್ಟ್ರು “ಇವತ್ತು ಪಾಯಿಂಟ್ ಎಣಿಸಿ ಆಡೋಣ” ಅಂದರೆ ಸಾಕು, ಕೈ ಮತ್ತೆ ಮರದ ಕೊರಡು. ಸುಲಭದ ಚೆಂಡನ್ನೂ ಬಲೆಗೆ ಹೊಡೆಯುತ್ತಿದ್ದಳು.

“ನೋಡಿದಿರಾ?” ಅನ್ನುತ್ತಿದ್ದಳು ಅಳುಮೋರೆ ಮಾಡಿಕೊಂಡು.

“ನೋಡಿದೆ,” ಅನ್ನುತ್ತಿದ್ದರು ಮೇಷ್ಟ್ರು. ಅಷ್ಟೇ. ಸಮಾಧಾನವನ್ನಾದರೂ ಹೇಳಬಾರದೇ ಎಂದು ಅವಳಿಗೆ ಒಳಗೊಳಗೇ ಉರಿಯುತ್ತಿತ್ತು.

ಒಂದು ಸಂಜೆ ಆಡುತ್ತಿರುವಾಗ ಸಾಹೇಬರ ರ‍್ಯಾಕೆಟ್ಟಿನ ಗಟ್ ಹರಿಯಿತು. ಚೆಂಡನ್ನು ಹೊಡೆಯುವ ಆ ಹೆಣಿಗೆ ಇದೆಯಲ್ಲ, ಅದರ ಒಂದು ಎಳೆ.

“ಎಲ್ಲಾ ಬಿಚ್ಚಿ ಹೊಸದು ಹಾಕಬೇಕು. ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ನಾನು. ಮಧ್ಯಾಹ್ನ ಬಂದು ಮಾಡೋಣ,” ಅಂದರು ಮೇಷ್ಟ್ರು.

ಮರುದಿನ ಇಂಚರ ಬಂದಾಗ ಮೇಷ್ಟ್ರು ಬಸ್ಸು ಹತ್ತಿಯಾಗಿತ್ತು. ಜಗಲಿಯ ಮೇಲೆ ರ‍್ಯಾಕೆಟ್ ಇತ್ತು, ಡಬ್ಬಿಯಲ್ಲಿ ಕತ್ತರಿ ಇತ್ತು. ಹಳೆಯ ಗಟ್ಟನ್ನೆಲ್ಲ ತೆಗೆದು ಒರೆಸಿ ಇಟ್ಟರೆ ಮೇಷ್ಟ್ರು ಬಂದು ಭೇಷ್ ಅನ್ನುತ್ತಾರೆ ಅಂದುಕೊಂಡಳು. ಪಾಪ, ಮನಸ್ಸು ಒಳ್ಳೆಯದೇ. ಆದರೆ ಅವಳು ಜನ್ಮದಲ್ಲಿ ಗಟ್ ಬಿಚ್ಚಿದವಳಲ್ಲ. ಹರಿದರೆ ಅಂಗಡಿಗೆ ಕೊಡುವುದು, ಹಾಕಿದ ಮೇಲೆ ತರುವುದು, ಅವಳಿಗೆ ಗೊತ್ತಿದ್ದದ್ದು ಇಷ್ಟೇ.

ಅಚ್ಚುಕಟ್ಟಾಗಿ ಇರಲಿ ಅಂತ ಅಡ್ಡ ಎಳೆಗಳನ್ನೆಲ್ಲ ಮೊದಲು ಕತ್ತರಿಸಿದಳು. ಉದ್ದದ ಎಳೆಗಳು ಹಾಗೇ ಬಿಗಿಯಾಗಿ ಉಳಿದವು. ಅಡ್ಡ ಹಿಡಿದುಕೊಳ್ಳುವವರು ಯಾರೂ ಇಲ್ಲದೆ ಅವು ರ‍್ಯಾಕೆಟ್ಟಿನ ತಲೆಯನ್ನು ಕೆಳಕ್ಕೆ ಜಗ್ಗಿದವು.

ಚಟ್ ಅಂದಿತು.

ಚೌಕಟ್ಟು ಹಿಡಿಗೆ ಸೇರುವ ಕಡೆ ಗ್ರಾಫೈಟ್ ಸೀಳಿ ಒಳಗಿನ ನಾರು ಹೊರಗೆ ಕಂಡಿತು.

ಇಂಚರ ಕತ್ತರಿ ಕೆಳಗಿಟ್ಟಳು. ಒತ್ತಿ ಕೂಡಿಸಿ ನೋಡಿದಳು, ಬಿಟ್ಟ ಕೂಡಲೇ ಮತ್ತೆ ಬಾಯಿ ಬಿಟ್ಟಿತು.

ಅವಳು ತನ್ನ ಚೀಲ ಹೆಗಲಿಗೇರಿಸಿದಳು. ರ‍್ಯಾಕೆಟ್ಟನ್ನು ಜಗಲಿಯ ಮೇಲೆ ಬಿಟ್ಟು ಗೇಟಿನವರೆಗೂ ಹೋದಳು. ಇನ್ನು ಈ ಕಡೆ ಮುಖ ಹಾಕುವುದಿಲ್ಲ, ಟೆನಿಸ್ಸಿನ ಸಹವಾಸವೇ ಬೇಡ, ನನ್ನ ಕೈಯೇ ಇಷ್ಟು ಅಂದುಕೊಂಡಳು.

ಗೇಟಿನಲ್ಲಿ ಒಂದು ಯೋಚನೆ ಬಂತು. ತಾನು ಹೋಗಿಬಿಟ್ಟರೆ ಮೇಷ್ಟ್ರು ಬಂದು ಇದನ್ನು ಒಬ್ಬರೇ ನೋಡಬೇಕಾಗುತ್ತದೆ.

ವಾಪಸ್ಸು ಬಂದು ಜಗಲಿಯ ಮೇಲೆ ಕೂತಳು.

ಮಧ್ಯಾಹ್ನ ಮೇಷ್ಟ್ರು ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಅವಳು ಎದ್ದು ನಿಂತಳು.

“ಮೇಷ್ಟ್ರೇ, ತಪ್ಪಾಯ್ತು. ಸಾಹೇಬರ ರ‍್ಯಾಕೆಟ್ ಮುರಿದುಬಿಟ್ಟೆ.”

ಮೇಷ್ಟ್ರು ರ‍್ಯಾಕೆಟ್ ತೆಗೆದುಕೊಂಡು ಜಗಲಿಯ ಮೇಲೆ ಕೂತರು. ಸೀಳಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಬಹಳ ಹೊತ್ತು ಸವರಿದರು. ಅವರ ಕಣ್ಣು ತುಂಬಿ ಬಂತು.

“ಬೈದುಬಿಡಿ ಮೇಷ್ಟ್ರೇ,” ಅಂದಳು ಇಂಚರ.

“ಬೈದ್ರೆ ಕೂಡಿಕೊಳ್ಳುತ್ತಾ?”

“ಇಲ್ಲ.”

“ನಂಗೆ ತುಂಬಾ ದುಃಖ ಆಗಿದೆ ಕಣಮ್ಮ. ಸುಳ್ಳು ಯಾಕೆ ಹೇಳ್ಲಿ. ಊಟ ಆಯ್ತಾ ನಿಂದು?”

“ಇಲ್ಲ.”

“ಬಾ, ಮೊದಲು ಉಣ್ಣು.”

ಇಬ್ಬರೂ ಮೊಸರನ್ನ ಉಂಡರು. ಕೈ ತೊಳೆದು ಮೇಷ್ಟ್ರು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ತಮ್ಮ ಸ್ವಂತ ರ‍್ಯಾಕೆಟ್ ಇತ್ತು. ಜೋಡಿಯಲ್ಲಿ ಉಳಿದದ್ದು ಅದೊಂದೇ. ಅದನ್ನು ಅವಳ ಮಡಿಲಿಗೆ ಹಾಕಿ, ಕತ್ತರಿಯನ್ನೂ ಇಟ್ಟರು.

“ಇದರ ಗಟ್ಟೂ ಸವೆದಿದೆ. ಬಿಚ್ಚು.”

ಇಂಚರ ಬೆಂಕಿ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡಳು.

“ನಾನಾ? ನಿಮಗೇನು ತಲೆ ಕೆಟ್ಟಿದೆಯಾ ಮೇಷ್ಟ್ರೇ? ಬೆಳಗ್ಗೆ ತಾನೇ ಒಂದನ್ನ ಮುರಿದಿದ್ದೀನಿ!”

“ಅದಕ್ಕೇ ಕೊಟ್ಟೆ.”

“ಇದೂ ಹೋದ್ರೆ ನಿಮ್ಮ ಹತ್ತಿರ ಒಂದೂ ಉಳಿಯಲ್ಲ.”

“ಹೌದು.”

“ಆಮೇಲೆ?”

“ನಿನ್ನ ಚೀಲದಲ್ಲಿ ಅಷ್ಟೊಂದಿವೆಯಲ್ಲ, ಒಂದು ಕೊಡಲ್ವಾ?”

ಅವಳಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಕತ್ತರಿ ಹಿಡಿದಳು. ಕೈ ಗಡಗಡ ನಡುಗಿತು.

“ಎಲ್ಲಿಂದ ಶುರು ಮಾಡ್ಲಿ?”

“ನನ್ನ ಯಾಕೆ ಕೇಳ್ತೀಯ? ಬೆಳಗ್ಗೆ ಸಾಹೇಬರ ರ‍್ಯಾಕೆಟ್ ನಿನಗೆ ಏನು ಹೇಳ್ತು?”

ಇಂಚರ ಮುರಿದ ರ‍್ಯಾಕೆಟ್ಟನ್ನು ಪಕ್ಕಕ್ಕೆ ಇಟ್ಟುಕೊಂಡು ನೋಡಿದಳು. ಬೆಳಗ್ಗೆ ಅದನ್ನು ಸರಿಯಾಗಿ ನೋಡುವುದಕ್ಕೇ ಹೆದರಿದ್ದಳು. ಈಗ ಸೀಳನ್ನು ಬೆರಳಿನಿಂದ ಮುಟ್ಟಿ, ಎಳೆಗಳು ಯಾವ ಕಡೆಗೆ ಜಗ್ಗಿದ್ದವು ಅಂತ ಹಿಡಿದು ನೋಡಿದಳು.

“ಅಡ್ಡದ್ದನ್ನೆಲ್ಲ ಸಡಿಲ ಮಾಡಿದೆ. ಉದ್ದದ್ದು ಜಗ್ಗಿತು. ಎರಡೂ ಒಟ್ಟಿಗೇ ಸಡಿಲ ಆಗಬೇಕಿತ್ತು.”

“ಹೂಂ.”

“ನಡುವಿನಿಂದ ಶುರು ಮಾಡಬೇಕು. ಉದ್ದದ್ದೊಂದು, ಅಡ್ಡದ್ದೊಂದು. ಹಾಗೇ ಅಂಚಿಗೆ ಬರಬೇಕು. ಹೌದಾ ಮೇಷ್ಟ್ರೇ?”

ಮೇಷ್ಟ್ರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು.

“ನೀವು ನೋಡೋದಿಲ್ವಾ?”

“ಡಾಕ್ಟರು ಕಣ್ಣಿಗೆ ಔಷಧಿ ಹಾಕಿದ್ದಾರೆ. ಎಲ್ಲಾ ಮಂಜು ಮಂಜು. ನೀನೇ ನೋಡಿಕೋ.”

ಅವಳು ಮೊದಲನೆಯ ಎಳೆ ಕತ್ತರಿಸಿದಳು. ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಏನೂ ಆಗಲಿಲ್ಲ. ಅಡ್ಡದ್ದೊಂದು ಕತ್ತರಿಸಿದಳು. ಮತ್ತೆ ಉದ್ದದ್ದು. ಪ್ರತಿ ಎಳೆಗೂ ಮುಂಚೆ ಚೌಕಟ್ಟನ್ನು ಅಂಗೈಯಲ್ಲಿ ಅದುಮಿ ಅದರ ಬಿಗಿ ನೋಡಿದಳು. ಅರ್ಧಕ್ಕೆ ಬರುವ ಹೊತ್ತಿಗೆ ಕೈಯ ನಡುಕ ನಿಂತಿತ್ತು, ಅದು ಯಾವಾಗ ನಿಂತಿತು ಅನ್ನುವುದು ಅವಳಿಗೇ ತಿಳಿಯಲಿಲ್ಲ.

ಕೊನೆಯ ಎಳೆ ಉದುರಿತು. ಖಾಲಿ ಚೌಕಟ್ಟು ಒಂದು ಕೂದಲೆಳೆಯಷ್ಟೂ ಬಾಗದೆ ಅವಳ ಮಡಿಲಲ್ಲಿ ಕೂತಿತ್ತು.

“ಆಯ್ತು ಮೇಷ್ಟ್ರೇ!” ಎಂದು ಕೂಗಿದಳು.

“ಕಿವಿ ಚೆನ್ನಾಗಿದೆ ನಂಗೆ, ಮೆಲ್ಲಗೆ ಹೇಳು,” ಅಂದರು ಮೇಷ್ಟ್ರು.

ಇಬ್ಬರೂ ಸೇರಿ ಹೊಸ ಗಟ್ ಹಾಕಿದರು. ಹಳೆಯ ಮೈ, ಬಿಗಿ ಜಾಸ್ತಿ ಬೇಡ ಅಂದರು ಮೇಷ್ಟ್ರು.

ಎರಡು ದಿನ ಕಳೆದು ಕಣ್ಣಿನ ಮಂಜು ಹೋದ ಮೇಲೆ ಮೇಷ್ಟ್ರು ಅಂಗಳಕ್ಕೆ ಇಳಿದರು. ತಮ್ಮದನ್ನು ಅವಳಿಗೆ ಕೊಟ್ಟು, ತಾವು ಅವಳ ಚೀಲದಿಂದ ಒಂದು ಹೊಸದನ್ನು ಎತ್ತಿಕೊಂಡರು. ಮೊದಲ ಏಟಿಗೇ ಅವರ ಚೆಂಡು ಬೇಲಿ ಹಾರಿತು.

“ಅಬ್ಬಬ್ಬಾ! ಏನಮ್ಮ ಇದು, ಮುಟ್ಟಿದ್ರೆ ಸಾಕು ಓಡಿಹೋಗುತ್ತೆ!”

“ಸ್ವಭಾವ ಒಳ್ಳೇದು ಮೇಷ್ಟ್ರೇ,” ಅಂದಳು ಇಂಚರ ತುಂಟತನದಿಂದ.

“ಸರಿ ಸರಿ. ಪಾಯಿಂಟ್ ಎಣಿಸೋಣ.”

ಎಣಿಸಿದರು. ಇಂಚರ ಗೆರೆಯ ಹತ್ತಿರಕ್ಕೆ ಹೊಡೆದಳು, ಚೆಂಡು ಹೊರಗೆ ಬಿತ್ತು. ಮುಂದಿನದನ್ನೂ ಅಲ್ಲಿಗೇ ಹೊಡೆದಳು, ಗೆರೆಯ ಮೇಲೆ ಧೂಳು ಎದ್ದಿತು. ತಪ್ಪಿದಾಗ ಎಲ್ಲಿ ತಪ್ಪಿತು ಅಂತ ನೋಡಿದಳು, ಮತ್ತೆ ಬೀಸಿದಳು. ಕೈ ಕೈಯಾಗಿಯೇ ಇತ್ತು. ಮುದುಕ ಮಹಾ ಚಾಲೂಕು, ಹೊಸ ರ‍್ಯಾಕೆಟ್ಟನ್ನೂ ಬೇಗ ಪಳಗಿಸಿಕೊಂಡು ಕೊನೆಗೆ ಗೆದ್ದೇಬಿಟ್ಟರು. ಸೋತ ಇಂಚರ ಬಲೆಗೆ ಒರಗಿ ಏದುಸಿರು ಬಿಡುತ್ತಾ ನಗುತ್ತಿದ್ದಳು.

“ಮೇಷ್ಟ್ರೇ, ಮುಂದಿನ ವಾರ ಮೈಸೂರಲ್ಲಿ ಪಂದ್ಯ ಇದೆ. ಹೋಗ್ತೀನಿ.”

“ಹೋಗು. ಅದನ್ನೇ ತಗೊಂಡು ಹೋಗು.”

ಅವಳು ಕೈಯಲ್ಲಿದ್ದ ಹಳೆಯ ರ‍್ಯಾಕೆಟ್ಟನ್ನು ನೋಡಿದಳು.

“ಇದನ್ನಾ? ಬೇಡ ಮೇಷ್ಟ್ರೇ. ಇದರ ಜೋಡೀನ ಮುರಿದವಳು ನಾನು. ನಿಮ್ಮ ಹತ್ತಿರ ಕಲಿತೋರು ಎಷ್ಟೋ ಜನ ಇದ್ದಾರೆ, ಯಾವತ್ತೂ ಏನನ್ನೂ ಮುರಿಯದೋರು. ಅವರಲ್ಲಿ ಯಾರಿಗಾದ್ರೂ ಕೊಡಬಾರದಾ?”

ಮೇಷ್ಟ್ರು ರ‍್ಯಾಕೆಟ್ಟನ್ನು ಅವಳ ಕೈಯಿಂದ ತೆಗೆದುಕೊಂಡು ಮಣ್ಣು ಒರೆಸಿದರು. ಅವಳ ಚೀಲದೊಳಗೆ ಇಟ್ಟು ಜಿಪ್ ಎಳೆದರು.

“ಇದು ಮುರಿಯುತ್ತೆ ಅಂತ ಅವರಿಗಿನ್ನೂ ಗೊತ್ತಿಲ್ಲ ಮಗಳೇ.”